ಕಾಕು ಬಿಟ್ಟ ಸಿಹಿ

ಕಾಶಿಗೆ ಬಂದವರು ಏನನ್ನಾದರೂ ಬಿಟ್ಟು ಹೋಗುತ್ತಾರೆ. ನಾನು ಮಾತ್ರ ಇಲ್ಲಿಗೆ ಬಂದ ಮೇಲೆ ತಿನ್ನುವುದನ್ನು ಕಲಿತೆ. ಕಲಿಸಿದವರು ಕಾಕು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಗೆ ಸೇರಿದ್ದೆ. ಹಾಸ್ಟೆಲಿನ ಮೆಸ್ಸಿನಲ್ಲಿ ಎರಡು ಹೊತ್ತೂ ಆಲೂಗಡ್ಡೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು, ಹಸಿದಾಗ ಕೇಳುವುದೇ ಬೇಡ. ಮೆಸ್ಸಿನವನೊಡನೆ ನನಗೆ ಬಾರದ ಹಿಂದಿಯಲ್ಲಿ ಜಗಳವಾಡಿ ಸೋತು, ಹನುಮಾನ್ ಘಾಟಿನ ಗಲ್ಲಿಗಳಲ್ಲಿ ನಮ್ಮ ಕಡೆಯವರ ಮನೆಗಳಿವೆ, ಅನ್ನ ಸಾರು ಸಿಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಒಂದು ಭಾನುವಾರ ಅಲ್ಲಿಗೆ ಹೋದೆ. ಊಟಕ್ಕೆಂದು ಹೋದವಳು ಆ ಮನೆಯ ಮಹಡಿಯ ಕೋಣೆಯಲ್ಲೇ ಬಾಡಿಗೆಗೆ ನಿಂತುಬಿಟ್ಟೆ.

ಮನೆಯ ಯಜಮಾನರು ಪುರೋಹಿತರು. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಗಂಗಾಪೂಜೆ, ಶ್ರಾದ್ಧ ಮಾಡಿಸುವುದು ಅವರ ತಂದೆಯ ಕಾಲದಿಂದ ಬಂದ ವೃತ್ತಿ. ಅವರನ್ನು ಕಾಕಾ ಎಂದೂ ಅವರ ಹೆಂಡತಿಯನ್ನು ಕಾಕು ಎಂದೂ ಕರೆಯತೊಡಗಿದೆ. ಇದ್ದೊಬ್ಬ ಮಗಳು ಲಖನೌದಲ್ಲಿ ಮದುವೆಯಾಗಿ, ತಾಯಿಯೊಡನೆ ಫೋನಿನಲ್ಲೂ ಹಿಂದಿಯಲ್ಲೇ ಮಾತಾಡುತ್ತಿದ್ದಳು. ವಿಜಾಪುರದ ಕಡೆಯಿಂದ ಮದುವೆಯಾಗಿ ಬಂದಿದ್ದ ಕಾಕುವಿಗೆ ಕನ್ನಡದಲ್ಲಿ ಜಗಳವಾಡಲು ಗಂಡನನ್ನು ಬಿಟ್ಟರೆ ಯಾರೂ ಇರಲಿಲ್ಲ. ನಾನು ಸಿಕ್ಕೆ. ನಮ್ಮಿಬ್ಬರಿಗೂ ಅನುಕೂಲವಾಯಿತು.

ಕಾಕು ಗಂಡನ ಮಾತು ಕೇಳುವ ಪೈಕಿಯವರಲ್ಲ. ಕಾಕಾ ಕಿಟಕಿ ಹಾಕು ಎಂದರೆ ತೆರೆಯುವರು, ಇವತ್ತು ಬೇಳೆ ಬೇಡ ಎಂದರೆ ಬೇಳೆಯನ್ನೇ ಬೇಯಿಸುವರು. ಹೊರಗಿನದನ್ನು ತಿನ್ನಬಾರದೆಂಬುದು ಆ ಮನೆಯ ನೇಮ. ಕಾಕು ಬೆಳಿಗ್ಗೆ ಸೋನಾರ್‌ಪುರದ ಬೀದಿಗೆ ತರಕಾರಿ ತರಲು ಹೋದವರು ಬಿಸಿ ಜಲೇಬಿಯ ದೊನ್ನೆಯೊಂದನ್ನು ಮುಗಿಸಿಯೇ ಗಲ್ಲಿಯೊಳಗೆ ಕಾಲಿಡುತ್ತಿದ್ದರು. ಚಳಿಗಾಲದಲ್ಲಿ ಹಾಲಿನ ನೊರೆಗೆ ಕೇಸರಿ ಹಾಕಿ ಮಾರುವ ಮಲೈಯೊ ಬಂತೆಂದರೆ ನನ್ನನ್ನೂ ಎಬ್ಬಿಸಿಕೊಂಡು ಹೋಗುವರು. ಸಿಹಿಗೆ ಮೈಲಿಗೆ ಇಲ್ಲ ಎಂಬುದು ಅವರೇ ಮಾಡಿಕೊಂಡ ಶಾಸ್ತ್ರ. ಕಾಕಾಗೆ ಎಲ್ಲ ಗೊತ್ತಿತ್ತು. ಒಂದು ಸಲ ಗದರುವರು, ಆಮೇಲೆ ಸುಮ್ಮನಾಗುವರು.

ಕಾಶಿ, ಗಯೆ ಮಾಡಿದವರು ತಮಗೆ ಪ್ರಿಯವಾದ ಒಂದು ಹಣ್ಣು, ಒಂದು ತರಕಾರಿ ಬಿಡಬೇಕು, ಮತ್ತೆ ಜನ್ಮದಲ್ಲಿ ಅದನ್ನು ಬಾಯಿಗಿಡಬಾರದು ಎಂಬ ರೂಢಿ ನಮ್ಮವರಲ್ಲಿದೆ. ಆ ಸಂಕಲ್ಪವನ್ನು ಹೇಳಿಸುವವರು ಕಾಕಾ. ಪ್ರಿಯವಾದದ್ದು ಎಂದರೆ ಜನ ಹಾಗಲಕಾಯಿ ಬಿಡುತ್ತಿದ್ದರು. ಮಾವಿನಹಣ್ಣು ಬಿಟ್ಟವರನ್ನು ನಾನಂತೂ ಕಾಣಲಿಲ್ಲ. ಊರಿಗೆ ಹೋದ ಮೇಲೆ ಕೆಲವರು ಕಳವಳದಿಂದ ಫೋನ್ ಮಾಡುವರು. ಬದನೆಕಾಯಿ ಬಿಟ್ಟಿದ್ದ ಒಬ್ಬರಿಗೆ ಬೀಗರ ಮನೆಯಲ್ಲಿ ಎಣ್ಣೆಗಾಯಿ ಬಡಿಸಿಬಿಟ್ಟರಂತೆ, ಸಂಕೋಚಕ್ಕೆ ತಿಂದರಂತೆ. ಬೀಗರ ಮನಸ್ಸು ನೋಯಿಸುವುದು ಇನ್ನೂ ದೊಡ್ಡ ದೋಷ, ತಿಂದದ್ದೇ ಸರಿ ಎಂದು ಕಾಕಾ ಗಂಭೀರವಾಗಿ ತೀರ್ಪು ಕೊಟ್ಟರು. ಇನ್ನೊಬ್ಬರಿಗಾಗಿ ದಾರಿ ಹುಡುಕಿಕೊಡುವುದರಲ್ಲಿ ಅವರ ಕೈ ಧಾರಾಳ.

ನನ್ನ ಕೆಲಸ ಬಿಳಿ ಇಲಿಗಳ ಜೊತೆ. ಅವುಗಳ ಹೊಟ್ಟೆಗೆ ಕ್ಯಾನ್ಸರಿನ ಕೋಶಗಳನ್ನು ಸೇರಿಸಿದರೆ ಕೆಲವೇ ವಾರಗಳಲ್ಲಿ ಹೊಟ್ಟೆಯಲ್ಲಿ ನೀರು ತುಂಬಿ ಉಬ್ಬಿಕೊಳ್ಳುತ್ತದೆ. ಆ ನೀರಿನಲ್ಲಿ ರೋಗದ ಕೋಶಗಳಿರುತ್ತವೆ, ಅವನ್ನು ಕೊಲ್ಲಬೇಕಾದ ದೇಹದ ಕಾವಲು ಕೋಶಗಳೂ ಇರುತ್ತವೆ. ಆದರೆ ಕಾವಲಿನವು ಕೈಕಟ್ಟಿ ಕೂತಿರುತ್ತವೆ. ಯಾಕೆ ಕೂತಿವೆ ಎಂಬುದೇ ನನ್ನ ಪಿಎಚ್.ಡಿ. ಆ ನೀರನ್ನು ತೆಗೆದು ಸಕ್ಕರೆ ಅಳೆದರೆ ಇಲ್ಲವೆನ್ನುವಷ್ಟು ಕಡಿಮೆ. ರೋಗದ ಕೋಶ ಗ್ಲೂಕೋಸನ್ನೆಲ್ಲ ಮುಕ್ಕಿ ಹುಳಿ ಉಗುಳುತ್ತದೆ. ಕೋಶಗಳನ್ನು ಬೆಳೆಸುವ ದ್ರಾವಣ ಗುಲಾಬಿ ಬಣ್ಣದ್ದು, ಹುಳಿಯಾದಾಗ ಹಳದಿಗೆ ತಿರುಗುತ್ತದೆ. ಬೆಳಿಗ್ಗೆ ಇನ್‌ಕ್ಯುಬೇಟರಿನ ಬಾಗಿಲು ತೆರೆದರೆ ರೋಗದ ಕೋಶಗಳಿದ್ದ ತಟ್ಟೆ ನಿಂಬೆಹಣ್ಣಿನ ಹಾಗೆ ಹಳದಿಯಾಗಿರುತ್ತಿತ್ತು.

ಕಾವಲಿನ ಕೋಶಗಳ ಸ್ವಭಾವ ನನ್ನದಕ್ಕೆ ಉಲ್ಟಾ. ನನಗೆ ಹಸಿದರೆ ಸಿಟ್ಟು, ಅವಕ್ಕೆ ಹೊಟ್ಟೆ ತುಂಬಿದ್ದರೆ ಮಾತ್ರ ಸಿಟ್ಟು. ಶತ್ರು ಎದುರಾದ ಕೂಡಲೇ ಅವು ಸುಮ್ಮನಿದ್ದಾಗ ತಿನ್ನುವುದಕ್ಕಿಂತ ಎಷ್ಟೋ ಹೆಚ್ಚು ಸಕ್ಕರೆ ಬೇಡುತ್ತವೆ. ಸಿಗದಿದ್ದರೆ ಶತ್ರುವನ್ನು ಗುರುತಿಸಿಯೂ ಹೊಡೆಯುವುದಿಲ್ಲ. ಸುತ್ತಲೂ ಹುಳಿಯಿದ್ದರಂತೂ ಇನ್ನೂ ಮಂಕಾಗುತ್ತವೆ. ಈಗ ಇದರ ಮೇಲೆ ಲೋಕದ ತುಂಬ ಸಂಶೋಧನೆ ನಡೆದಿದೆ. ಆಗ ನಮ್ಮ ಪ್ರಯೋಗಾಲಯದಲ್ಲಿ ಇದ್ದದ್ದು ಒಂದು ಊಹೆ ಮತ್ತು ಕರೆಂಟು ಹೋದಾಗಲೆಲ್ಲ ಕೈಕೊಡುವ ಜನರೇಟರ್.

ಒಲೆಯ ಮುಂದೆ ಕೂತು ಇದನ್ನೆಲ್ಲ ಕಾಕುವಿಗೆ ಹೇಳುತ್ತಿದ್ದೆ. ಅಷ್ಟು ಸಣ್ಣ ಜೀವಕ್ಕೂ ಹಸಿವು ಇರುತ್ತದೆಯೇ ಎಂದು ಅವರಿಗೆ ಆಶ್ಚರ್ಯ. ಪಂಕ್ತಿಯಲ್ಲಿ ಕೂತ ಒಬ್ಬನೇ ಹುಗ್ಗಿಯನ್ನೆಲ್ಲ ಬಡಿಸಿಕೊಂಡರೆ ಪಕ್ಕದವನು ಏನು ಮಾಡಿಯಾನು ಎಂದು ಇಲಿಗಳ ಬಗ್ಗೆ ಮರುಕಪಟ್ಟರು. ಆಗ ಅದು ನಮಗೆ ಹರಟೆಯ ವಿಷಯ.

ಮುಂದಿನ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಕಾಕುವಿನ ಹೊಟ್ಟೆ ಉಬ್ಬತೊಡಗಿತು. ವಾಯು ಎಂದರು, ಜಲೇಬಿಯ ಪ್ರತಾಪ ಎಂದು ನಾನೂ ಚೇಷ್ಟೆ ಮಾಡಿದೆ. ಒಂದು ದಿನ ಅವರು ಸೀರೆ ಸರಿಪಡಿಸಿಕೊಳ್ಳುವಾಗ ಪಕ್ಕದಿಂದ ನೋಡಿದೆ. ನಾನು ಪ್ರತಿದಿನ ನೋಡುವ ಹೊಟ್ಟೆ ಅದು. ಮರುದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಂಡಾಶಯದ ಕ್ಯಾನ್ಸರ್, ಆಗಲೇ ಹೊಟ್ಟೆಯೊಳಗೆ ಹರಡಿತ್ತು.

ಮುಂಬಯಿಯಲ್ಲಿದ್ದ ಹಳೆಯ ಯಾತ್ರಿಕರೊಬ್ಬರು ತಾವೇ ಮುಂದೆ ಬಂದು, ಅಲ್ಲಿ ಹೊಸ ರೀತಿಯ ಸ್ಕ್ಯಾನ್ ಇದೆ, ರೋಗ ಎಲ್ಲೆಲ್ಲಿದೆ ಎಂದು ನಿಚ್ಚಳವಾಗಿ ತೋರಿಸುತ್ತದೆ ಎಂದು ಕರೆಸಿಕೊಂಡರು. ಅಲ್ಲಿಯ ಡಾಕ್ಟರು ಒಳ್ಳೆಯವರು. ಕಾಕಾನನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಿತ್ರ ತೋರಿಸಿದರಂತೆ. ಸಕ್ಕರೆಯಂಥ ಒಂದು ಔಷಧವನ್ನು ರಕ್ತಕ್ಕೆ ಸೇರಿಸುತ್ತೇವೆ, ರೋಗವಿದ್ದ ಕಡೆ ಅದು ಹೆಚ್ಚು ಸೇರಿಕೊಂಡು ಹೊಳೆಯುತ್ತದೆ ಎಂದು ವಿವರಿಸಿದರಂತೆ. ಹೆಂಡತಿಯ ಹೊಟ್ಟೆಯೊಳಗೆ ರೋಗ ಸಕ್ಕರೆ ತಿನ್ನುತ್ತಿರುವುದನ್ನು ಕಾಕಾ ಕಣ್ಣಾರೆ ಕಂಡರು.

ಬನಾರಸಿನಲ್ಲಿ ಯಾವ ದವಾಯಿಯೂ ಪರ್ಹೇಜ್ ಇಲ್ಲದೆ ಬರುವುದಿಲ್ಲ. ಪರ್ಹೇಜ್ ಎಂದರೆ ಪಥ್ಯ; ನೆಗಡಿಗೆ ಗುಳಿಗೆ ಕೊಟ್ಟರೂ ಏನು ಬಿಡಬೇಕು ಎಂದು ಕೇಳಿಯೇ ಜನ ಏಳುತ್ತಾರೆ. ಕಾಕಾನೂ ಕೇಳಿದರು. ಏನೂ ಬೇಡ, ಎಲ್ಲ ತಿನ್ನಲಿ ಎಂದರು ಡಾಕ್ಟರು. ಅದು ಕಾಕಾಗೆ ಸಮಾಧಾನವಾಗಲಿಲ್ಲ. ಜನ್ಮವಿಡೀ ಇನ್ನೊಬ್ಬರಿಂದ ಬಿಡಿಸುತ್ತ ಬಂದವರು, ತಮ್ಮ ಮನೆಯಲ್ಲೇ ಇಷ್ಟು ದೊಡ್ಡದು ಬಂದಾಗ ಏನನ್ನೂ ಬಿಡುವುದು ಬೇಡವೆಂದರೆ ಹೇಗೆ ನಂಬಿಯಾರು? ಕಾಶಿಗೆ ಮರಳಿದ ಮಾರನೆಯ ಬೆಳಿಗ್ಗೆ, ನಾನು ಪ್ರಯೋಗಾಲಯದಲ್ಲಿದ್ದಾಗ, ಕಾಕುವನ್ನು ನದಿಗೆ ಕರೆದುಕೊಂಡು ಹೋಗಿ ಸಂಕಲ್ಪ ಮಾಡಿಸಿದರು. ಸಿಹಿಯಾದದ್ದನ್ನೆಲ್ಲ ಬಿಡುವುದು. ಅಷ್ಟೇ ಆಗಿದ್ದರೆ ನಾನು ಹೆದರುತ್ತಿರಲಿಲ್ಲ. ಬಾಯಲ್ಲಿಟ್ಟು ಬಹಳ ಹೊತ್ತು ಅಗಿದರೆ ಸಿಹಿಯಾಗುವುದೂ ಸಕ್ಕರೆಯೇ ಎಂದು ಕಾಕಾ ಯೋಚನೆ ಮಾಡಿ, ತಾವೇ ಒಂದೊಂದನ್ನೂ ಅಗಿದು ನೋಡಿದ್ದರು. ಹಾಗೆ ಅನ್ನ ಹೋಯಿತು, ಚಪಾತಿ ಹೋಯಿತು, ಜೋಳದ ರೊಟ್ಟಿಯೂ ಹೋಯಿತು. ಸೊಪ್ಪು, ಮಜ್ಜಿಗೆ, ಬೇಳೆಯ ತಿಳಿ ಉಳಿದವು.

ಅವರ ತರ್ಕದಲ್ಲಿ ತಪ್ಪಿರಲಿಲ್ಲ, ಅದು ಅರ್ಧಕ್ಕೇ ನಿಂತಿತ್ತು; ರೋಗದ ಹಸಿವನ್ನು ಕಂಡಿತ್ತು, ಕಾವಲಿನವರ ಹಸಿವನ್ನು ಕಂಡಿರಲಿಲ್ಲ.

ನಾನು ಅಂದೇ ವಾದ ಮಾಡಿದೆ. ಕಾಕಾ ಕೇಳಲಿಲ್ಲ. ಕಾಕು ನಗುತ್ತ, ಇರಲಿ ಬಿಡು, ಅವರಿಗೊಂದು ಸಮಾಧಾನ ಎಂದರು. ಔಷಧಿ ಶುರುವಾಯಿತು. ಹೊಟ್ಟೆಯ ನೀರು ಕಡಿಮೆಯಾಯಿತು, ಕೂದಲು ಉದುರಿತು. ವಿಧವೆಯಾಗುವ ಮುಂಚೆಯೇ ತಲೆ ಬೋಳಾಯಿತಲ್ಲ ಎಂದು ಕಾಕು ತಾವೇ ಹಾಸ್ಯ ಮಾಡಿಕೊಂಡರು, ಕಾಕಾ ಎದ್ದು ಹೊರಗೆ ಹೋದರು. ಮೊದಮೊದಲು ಎಲ್ಲರಿಗೂ ಆಸೆಯಿತ್ತು. ಆಮೇಲೆ ಕಾಕುವಿನ ತೋಳು ಕರಗತೊಡಗಿತು. ಬಳೆಗಳು ಮೊಣಕೈಗೆ ಜಾರುತ್ತಿದ್ದವು. ತೂಕ ಹೀಗೆ ಇಳಿದರೆ ಮುಂದಿನ ಔಷಧಿ ಕೊಡಲಿಕ್ಕಾಗದು, ಮೈ ತಡೆಯುವುದಿಲ್ಲ, ಏನಾದರೂ ಮಾಡಿ ತಿನ್ನಿಸಿ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಒಂದು ಸಲ ಔಷಧಿ ಮುಂದಕ್ಕೆ ಹಾಕಿದರು, ಇನ್ನೊಂದು ಸಲವೂ ಹಾಕಿದರು.

ಆ ಸಂಜೆ ಕಾಕಾ ಘಾಟಿನ ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದರು. ಹೋಗಿ ಪಕ್ಕದಲ್ಲಿ ಕೂತೆ. ಈ ಸಲ ಸಿಟ್ಟು ಮಾಡಬಾರದೆಂದು ನನಗೆ ನಾನೇ ಹೇಳಿಕೊಂಡಿದ್ದೆ. ತಿನ್ನು ಎಂದು ನೀವೇ ಹೇಳಬೇಕು ಎಂದೆ.

"ಬೆಂಕಿಗೆ ತುಪ್ಪಾ ಹಾಕು ಅಂತೀಯೇನು?" ಎಂದರು.

ನಿಧಾನವಾಗಿ ಹೇಳಿದೆ. ನಾವು ಉಣ್ಣದಿದ್ದರೂ ದೇಹ ರಕ್ತದ ಸಕ್ಕರೆಯನ್ನು ಬತ್ತಲು ಬಿಡುವುದಿಲ್ಲ, ಕೈಕಾಲಿನ ಮಾಂಸವನ್ನು ಕರಗಿಸಿಯಾದರೂ ಒದಗಿಸುತ್ತದೆ. ರೋಗ ತನ್ನ ಪಾಲನ್ನು ಅಲ್ಲಿಂದಲೇ ಕಸಿದುಕೊಳ್ಳುತ್ತದೆ. ಉಪವಾಸ ಬೀಳುವವರು ಕಾಕು ಮತ್ತು ಅವರ ಒಳಗಿನ ಕಾವಲಿನವರು, ರೋಗವಲ್ಲ. ರೋಗದ ಕೋಶವೂ ನಮ್ಮದೇ ದೇಹದ್ದು, ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ಹೊಲಕ್ಕೆ ನೀರು ನಿಲ್ಲಿಸಿದರೆ ಮೊದಲು ಒಣಗುವುದು ಪೈರು ಎಂದೆ.

ಇದನ್ನು ನೀನು ಕಣ್ಣಾರೆ ನೋಡಿದ್ದೀಯಾ ಎಂದು ಕಾಕಾ ಕೇಳಿದರು. ಇಲಿಯಲ್ಲಿ ನೋಡಿದ್ದೇನೆ, ತಟ್ಟೆಯಲ್ಲಿ ನೋಡಿದ್ದೇನೆ, ಮನುಷ್ಯರಲ್ಲಿ ನೋಡಿಲ್ಲ ಎಂದೆ. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಅವರು ನೋಡಿದ್ದು ಮನುಷ್ಯರಲ್ಲಿ, ತಮ್ಮ ಹೆಂಡತಿಯ ಹೊಟ್ಟೆಯಲ್ಲಿ. ನನ್ನ ಇಲಿ ಅದರ ಮುಂದೆ ಎಷ್ಟರದು?

ಆದರೂ ಅವರು ಮನಸ್ಸು ಮಾಡಿದರು. ಕೆಲವು ದಿನ ಪುಸ್ತಕ ತಿರುವಿದರು, ಹಿರಿಯರೊಬ್ಬರನ್ನು ಕೇಳಿಬಂದರು. ರೋಗಿಗೆ ಅನ್ನ ಔಷಧಿಯೇ, ಔಷಧಿಗೆ ಸಂಕಲ್ಪದ ಬಾಧೆ ಇಲ್ಲ ಎಂದು ದಾರಿ ಸಿಕ್ಕಿತು. ನನಗೆ ಹಬ್ಬವಾದಂತಾಯಿತು. ಕಾಕಾ ತಾವೇ ಒಲೆಯ ಮುಂದೆ ನಿಂತು ಗೋಧಿ ಕುಟ್ಟಿ, ಬೆಲ್ಲ ತುಪ್ಪ ಹಾಕಿ ಹುಗ್ಗಿ ಮಾಡಿದರು. ಬೆಲ್ಲ ಸ್ವಲ್ಪ ಸೀದಿತ್ತು. ಬಟ್ಟಲಲ್ಲಿ ಹಾಕಿಕೊಂಡು ಬಂದು ಕಾಕುವಿನ ಮುಂದೆ ಹಿಡಿದರು.

"ತಿನ್ನು. ದೋಷ ಏನ ಇದ್ರೂ ನನಗ ಬರಲಿ," ಎಂದರು.

ಬಟ್ಟಲು ಹಿಡಿದ ಕೈ ನಡುಗುತ್ತಿತ್ತು. ಅವರ ಮುಖ, ತಮ್ಮ ಕೈಯಿಂದಲೇ ವಿಷ ಕೊಡುತ್ತಿರುವವರ ಮುಖದ ಹಾಗಿತ್ತು. ಕಾಕು ಹುಗ್ಗಿಯನ್ನು ನೋಡಲಿಲ್ಲ, ಆ ಮುಖವನ್ನೇ ನೋಡಿದರು. ಬಾಯಿ ರುಚಿಯಿಲ್ಲ, ಅಲ್ಲಿಡಿ, ಆಮೇಲೆ ತಿನ್ನುತ್ತೇನೆ ಎಂದರು. ಕಾಕಾ ಒಳಗೆ ಹೋದ ಮೇಲೆ ಬಟ್ಟಲನ್ನು ನನ್ನ ಕಡೆಗೆ ಸರಿಸಿದರು.

ನಾನು ತಿನ್ನಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ಬಾಯಿಯ ತನಕ ಬಂದದ್ದನ್ನು ಬಾಯಿಯೇ ಬೇಡವೆಂದಿತು. ನನಗೆ ಎಷ್ಟು ಸಿಟ್ಟು ಬಂತೆಂದರೆ ಮೆಟ್ಟಿಲು ಸದ್ದು ಮಾಡುತ್ತ ಹತ್ತಿ ಹೋಗಿ ಬಾಗಿಲು ಹಾಕಿಕೊಂಡೆ.

ಮರುದಿನ ಮಧ್ಯಾಹ್ನ ಕಾಕುವನ್ನು ಮಾಳಿಗೆಯ ಬಿಸಿಲಿಗೆ ಕೂರಿಸಿ, ಶಾಲು ಹೊದಿಸಿ, ಎದುರಿಗೇ ಕೂತೆ. ಯಾಕೆ ಎಂದು ಕೇಳಿದೆ. ಜೀವಮಾನದಲ್ಲಿ ಯಾರ ಮಾತೂ ಕೇಳದವರು ಈ ಒಂದು ಸಂಕಲ್ಪಕ್ಕೆ ಯಾಕೆ ಇಷ್ಟು ಹೆದರುತ್ತೀರಿ ಎಂದೂ ಕೇಳಿದೆ.

"ಸಂಕಲ್ಪಕ್ಕ ಯಾರು ಹೆದರ್ತಾರ?" ಎಂದರು ಕಾಕು. "ನೀ ಹೇಳಿದ್ದು ನನಗ ತಿಳದದ. ಒಳಗಿನವ್ರಿಗೂ ಅನ್ನ ಬೇಕು, ಬರೋಬರಿ. ಆದ್ರ ಉಂಡ್ರ ನಾ ಉಳೀತೀನಿ ಅಂತ ಹೇಳ್ತೀಯೇನು?"

ಜಾರಿದ ಶಾಲನ್ನು ಎಳೆದು ಅವರ ಹೆಗಲಿಗೆ ಹೊದಿಸಿದೆ.

"ನಾ ಉಂಡು ಸತ್ತೆ ಅಂದ್ರ, ಅವ್ರು ಇರೋತನಕ ಅಂತಾರ, ನಾನ ಸಂಕಲ್ಪ ಮುರಿಸಿದೆ, ನನ್ನ ಕೈಯಾರೆ ಉಣಿಸಿ ಕೊಂದೆ ಅಂತ. ಉಣದ ಸತ್ತರ, ರೋಗ ಒಯ್ತು ಅಂತಾರ. ಆ ಕೈ ಹೆಂಗ ನಡಗ್ತಿತ್ತು ನೀ ನೋಡಲಿಲ್ಲೇನು ತಂಗಿ?"

ಹಾಗಾದರೆ ಅವರಿಗೆ ಗೊತ್ತಾಗದ ಹಾಗೆ ನನ್ನ ಕೋಣೆಯಲ್ಲಿ ಉಣ್ಣಿ, ಇಷ್ಟು ವರ್ಷ ಜಲೇಬಿ ತಿಂದಿಲ್ಲವೇ ಎಂದೆ. ಕಾಕು ನಕ್ಕರು. ಕೆನ್ನೆಯಲ್ಲಿ ಮಾಂಸವಿಲ್ಲದ ನಗು ನೋಡಲಾಗುತ್ತಿರಲಿಲ್ಲ.

"ಜಲೇಬಿ ತಿಂದದ್ದು ಗೊತ್ತಾದ್ರ ರಮಿಸಲಿಕ್ಕೆ ನಾ ಇದ್ದೆ. ಇದು ಗೊತ್ತಾದ್ರ ಸಮಾಧಾನ ಮಾಡ್ಲಿಕ್ಕೆ ನಾ ಇರಂಗಿಲ್ಲ."

ಇದನ್ನು ಕಾಕಾಗೆ ಹೇಳಬಾರದೆಂದು ನನ್ನ ಕೈಯನ್ನು ತಮ್ಮ ತಲೆಯ ಮೇಲೆ ಇಡಿಸಿಕೊಂಡರು. ಆ ಬೋಳುತಲೆಯ ಬಿಸಿ ನನ್ನ ಅಂಗೈಯಲ್ಲಿ ಇನ್ನೂ ಇದೆ. ನೀವು ಮಾಡುತ್ತಿರುವುದು ಶುದ್ಧ ಹುಚ್ಚು ಎಂದು ಅಳುತ್ತಲೇ ಬೈದೆ. ಹೌದು ಎಂದು ಒಪ್ಪಿಕೊಂಡರು. ಆಮೇಲೂ ನಾನು ಬಿಟ್ಟವಳಲ್ಲ. ಗಂಜಿ ತಂದೆ, ಹಾಲು ತಂದೆ, ರಂಪ ಮಾಡಿದೆ, ಮಗಳಿಗೆ ಫೋನ್ ಮಾಡಿ ಲಖನೌದಿಂದ ಕರೆಸಿದೆ. ಮಗಳ ಹಿಂದಿಗೂ ನನ್ನ ಕನ್ನಡಕ್ಕೂ ಒಂದೇ ಉತ್ತರ, ಬಾಯಿ ರುಚಿಯಿಲ್ಲ. ಕಾಕಾ ದಿನವೂ ಏನಾದರೊಂದು ಮಾಡಿ ತಂದು, ಎರಡು ಮಾತು ಹೇಳಿ, ಅವರು ಬೇಡವೆಂದಾಗ ಬಟ್ಟಲು ಎತ್ತಿಕೊಂಡು ಹೋಗುವರು. ಹಾಗೆ ಎತ್ತಿಕೊಂಡು ಹೋಗುವಾಗ ಅವರ ಹೆಗಲು ಹಗುರಾಗುತ್ತಿದ್ದುದನ್ನು ಕಾಕುವೂ ನೋಡುತ್ತಿದ್ದರು, ನಾನೂ ನೋಡುತ್ತಿದ್ದೆ.

ಪ್ರಯೋಗಾಲಯದಲ್ಲಿ ಅದೇ ದಿನಗಳಲ್ಲಿ ನನ್ನ ಕೆಲಸ ಕೈಗೂಡಿತು. ಇಲಿಯ ಹೊಟ್ಟೆಯಿಂದ ತೆಗೆದ ಸುಸ್ತಾದ ಕಾವಲು ಕೋಶಗಳನ್ನು ಹೊಸ ದ್ರಾವಣಕ್ಕೆ ಹಾಕಿ ಸಕ್ಕರೆ ಕೊಟ್ಟರೆ ಅವುಗಳಲ್ಲಿ ಒಂದಷ್ಟು ಚೇತರಿಸಿಕೊಂಡು ರೋಗದ ಕೋಶಗಳ ಮೇಲೆ ಬೀಳುತ್ತಿದ್ದವು. ನನ್ನ ಗುರುಗಳು ಬೆನ್ನು ತಟ್ಟಿದರು. ನಾನು ಶೌಚಾಲಯ ಹೊಕ್ಕು ಅತ್ತೆ. ಒಂದಷ್ಟು ಮಾತ್ರ ಚೇತರಿಸಿಕೊಂಡವು, ಎಲ್ಲವೂ ಅಲ್ಲ, ಅದೂ ತಟ್ಟೆಯಲ್ಲಿ. ಇಷ್ಟರಿಂದ ಕಾಕುವಿಗೆ ಏನು ಭರವಸೆ ಕೊಡಲಿ?

ಶಿವರಾತ್ರಿಗೆ ಮುಂಚೆ ಕಾಕು ಹೋದರು. ಮತ್ತೆ ಔಷಧಿ ಕೊಡುವ ತೂಕಕ್ಕೆ ಅವರು ಬರಲೇ ಇಲ್ಲ. ಹರಿಶ್ಚಂದ್ರ ಘಾಟು ಪಕ್ಕದಲ್ಲೇ, ಎತ್ತಿಕೊಂಡು ಹೋದವರು ಬೇಗ ತಲುಪಿದರು. ಹೆಂಗಸರು ಮನೆಯಲ್ಲೇ ಉಳಿದೆವು. ನಾನು ಅಡುಗೆಮನೆ ಒರೆಸಿದೆ, ಮತ್ತೆ ಮತ್ತೆ ಒರೆಸಿದೆ.

ನನಗೆ ಇರುವ ವಿಷಾದ ಇಂಥದೇ ಎಂದು ಹೇಳುವುದು ಕಷ್ಟ. ಕಾಕಾ ಪ್ರೀತಿಯಿಂದಲೇ ಬಿಡಿಸಿದರು. ಕಾಕು ಪ್ರೀತಿಯಿಂದಲೇ ಉಣ್ಣದೆ ಹೋದರು. ನನ್ನ ವಿಜ್ಞಾನವೂ ಸುಳ್ಳಾಗಿರಲಿಲ್ಲ. ಮೂರೂ ಒಂದೇ ಮನೆಯಲ್ಲಿದ್ದರೂ ಒಂದು ತುತ್ತು ಅನ್ನವೂ ಆ ಬಾಯಿಗೆ ಹೋಗಲಿಲ್ಲ.

ಪಿಎಚ್.ಡಿ. ಮುಗಿದು ಕೋಣೆ ಖಾಲಿ ಮಾಡುವಾಗ ವರ್ಷ ದಾಟಿತ್ತು. ಕಾಕಾ ಮಹಡಿ ಹತ್ತಿ ಬಂದು, ಕಟ್ಟಿದ ಪುಸ್ತಕಗಳ ಮೇಲೆ ಕೂತರು. ಬಹಳ ಇಳಿದಿದ್ದರು. ಮದುವೆ, ಕೆಲಸ, ಅದು ಇದು ಕೇಳಿದರು. ಆಮೇಲೆ ನನ್ನ ಮುಖ ನೋಡದೆ, ಒಂದು ಮಾತು ಖರೇ ಹೇಳು ಎಂದರು.

"ಉಂಡಿದ್ರ ಉಳೀತಿದ್ಲೇನು?"

"ಗೊತ್ತಿಲ್ಲರೀ ಕಾಕಾ. ಯಾರಿಗೂ ಗೊತ್ತಿಲ್ಲ," ಎಂದೆ. ಅದು ನಿಜ. ಇಷ್ಟೆಲ್ಲ ಓದಿ ಬರೆದ ಮೇಲೂ ಇವತ್ತು ಕೇಳಿದರೆ ಅದನ್ನೇ ಹೇಳಬೇಕು. ಕಾಕು ಯಾಕೆ ಉಣ್ಣಲಿಲ್ಲ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕಾಕುವಿನ ತಲೆ ಮುಟ್ಟಿ ಮಾತು ಕೊಟ್ಟಿದ್ದೆ.

ಕಾಕಾ ತಲೆಯಾಡಿಸಿದರು. ಅಲ್ಲಿಗೆ ಮುಗಿಯಿತೆಂದುಕೊಂಡೆ. ಏಳಲು ಹೊರಟವರು ಮತ್ತೆ ಕೂತರು.

"ಸಂಸಾರ ಮಾಡಿದಷ್ಟು ವರ್ಷ ಆಕಿ ನಾ ಹೇಳಿದ್ದು ಒಂದೂ ಕೇಳಲಿಲ್ಲ," ಎಂದರು. "ಬಿಡು ಅಂದೆ, ಇದೊಂದ ಕೇಳಿದ್ಲು."